ಬೆಕ್ಕಿನ ಗಾಯಕ್ಕೆ ಕೀವು ಬಂದರೆ: ಉಪ್ಪುನೀರೇ, ಮುಲಾಮೇ, ಮಾತ್ರೆಯೇ, ಇಂಜೆಕ್ಷನ್ನೇ?

ಮಳೆ ಹಿಡಿದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತದೆ. "ಬೆಕ್ಕಿಗೆ ಗಾಯ ಆಗಿದೆ, ನಂಜಾದ ಹಾಗಿದೆ. ಮನೆಯಲ್ಲೇ ನೋಡ್ಕೊಳ್ಳೋದಾ, ಮೆಡಿಕಲ್‌ನಿಂದ ಮುಲಾಮು ತರೋದಾ, ಇಲ್ಲ ಶಿವಮೊಗ್ಗಕ್ಕೆ ಕರ್ಕೊಂಡು ಹೋಗೋದಾ?" ಕೇಳುವವರ ಪರಿಸ್ಥಿತಿ ಮಾತ್ರ ಒಂದೇ ಅಲ್ಲ. ಸಾಗರದ ಆಚೆ ತೋಟದ ಮನೆಯಲ್ಲಿ ಇರುವವರಿಗೆ ಬಸ್ಸು ದಿನಕ್ಕೆ ಎರಡು. ಶಿವಮೊಗ್ಗದ ವಿನೋಬನಗರದಲ್ಲಿ ಇರುವವರಿಗೆ ಪಶುವೈದ್ಯಕೀಯ ಕಾಲೇಜೇ ಪಕ್ಕದಲ್ಲಿದೆ. ಕೆಲವರ ಬೆಕ್ಕು ತೊಡೆಯ ಮೇಲೆ ಮಲಗುತ್ತದೆ. ಕೆಲವರದ್ದು ಊಟದ ಹೊತ್ತಿಗೆ ಮಾತ್ರ ಹಿತ್ತಲಿಗೆ ಬಂದು ಹೋಗುತ್ತದೆ. ಇವರಿಗೆಲ್ಲ ಒಂದೇ ಔಷಧಿ ಹೇಳಿದರೆ ಆಗುವುದಿಲ್ಲ.

ಮೊದಲು ಒಂದು ಗಾಯವನ್ನು ಹತ್ತಿರದಿಂದ ತೋರಿಸುತ್ತೇನೆ. ನಮ್ಮ ಮನೆಯ ಕೆಂಚ ಒಂದು ಆಷಾಢದಲ್ಲಿ ಬಚ್ಚಲೊಲೆಯ ಪಕ್ಕ ಮುದುರಿಕೊಂಡು ಕೂತವನು ಮೀನಿನ ವಾಸನೆಗೂ ಏಳಲಿಲ್ಲ. ಬಾಲದ ಬುಡ ಮುಟ್ಟಿದರೆ ಗುರ್ ಎಂದ. ಟಾರ್ಚ್ ಹಿಡಿದು ಕೂದಲು ಬಿಡಿಸಿ ನೋಡಿದೆ. ಸಾಸಿವೆ ಕಾಳಿನಷ್ಟು ಎರಡು ತೂತು, ಮೇಲೆ ಒಣಗಿದ ಹಕ್ಕಳೆ. ರಕ್ತ ಇಲ್ಲ, ಕೀವೂ ಇಲ್ಲ. "ಇಷ್ಟೇ ಅಲ್ವಾ" ಎಂದು ಅಮ್ಮ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರು. ಎರಡು ದಿನ ಎಲ್ಲ ಸರಿ ಇದ್ದ ಹಾಗೇ ಕಂಡಿತು. ಮೂರನೇ ದಿನ ಅಲ್ಲಿ ನಿಂಬೆಹಣ್ಣಿನಷ್ಟು ಬಾವು ಎದ್ದಿತ್ತು, ಮುಟ್ಟಿದರೆ ಬಿಸಿ. ನಾಲ್ಕನೇ ರಾತ್ರಿ ಒಡೆಯಿತು. ಆ ವಾಸನೆ ಕಂಬಳಿಯಿಂದ ಎರಡು ಸಲ ಒಗೆದರೂ ಹೋಗಲಿಲ್ಲ. ಮರುದಿನ ಡಾಕ್ಟರು ಸುತ್ತಲಿನ ಕೂದಲು ಬೋಳಿಸಿದಾಗ ಚರ್ಮದ ಅಡಿಯಲ್ಲಿ ನನ್ನ ಹೆಬ್ಬೆರಳು ಇಡೀ ಹೋಗುವಷ್ಟು ದೊಡ್ಡ ಚೀಲ ಆಗಿತ್ತು. ಹೊರಗೆ ಸಾಸಿವೆ, ಒಳಗೆ ಹೆಬ್ಬೆರಳು.

ಆ ಎರಡು ತೂತು ಇನ್ನೊಂದು ಬೆಕ್ಕಿನ ಹಲ್ಲಿನ ಗುರುತು. ಬೆಕ್ಕಿನ ಕೋರೆಹಲ್ಲು ಸೂಜಿಯ ಹಾಗೆ ತೆಳು. ಕಚ್ಚಿದಾಗ ಬಾಯಿಯಲ್ಲಿರುವ ಪಾಶ್ಚುರೆಲ್ಲಾ ತರದ ಬ್ಯಾಕ್ಟೀರಿಯಾಗಳನ್ನು ಆಳಕ್ಕೆ ಇಳಿಸಿಬಿಡುತ್ತದೆ. ಬೆಕ್ಕಿನ ಚರ್ಮ ಬಹಳ ಬೇಗ ಮುಚ್ಚಿಕೊಳ್ಳುತ್ತದೆ. ಹೀಗೆ ಒಳಗೆ ಸಿಕ್ಕಿಬಿದ್ದ ನಂಜು ಸಾಮಾನ್ಯವಾಗಿ 2ರಿಂದ 5 ದಿನದಲ್ಲಿ ಕೀವು ಕಟ್ಟುತ್ತದೆ. ಹಾಗಾಗಿ "ಯಾವ ಔಷಧಿ ಒಳ್ಳೆಯದು" ಎಂದು ಯಾರು ಕೇಳಿದರೂ ನಾನು ಮೊದಲು ಕೇಳುವುದು "ಕೀವು ಎಲ್ಲಿದೆ" ಎಂದು.

ಯಾವುದನ್ನು ನೋಡಿ ಆರಿಸಬೇಕು

ಒಂದು, ಆಳ. ಚರ್ಮದ ಮೇಲಿನ ತರಚು ಗಾಯವೇ, ಮೇಲೆ ಮುಚ್ಚಿ ಒಳಗೆ ಕೀವು ತುಂಬಿದ್ದೇ, ಒಡೆದು ಸುರಿಯುತ್ತಿರುವುದೇ?

ಎರಡು, ನಾಲಿಗೆ. ಬೆಕ್ಕು ತನ್ನ ಮೈಯನ್ನು ದಿನವಿಡೀ ನೆಕ್ಕುತ್ತದೆ. ಗಾಯಕ್ಕೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ ಎಂದೇ ಲೆಕ್ಕ ಹಾಕಿ. ನಾಯಿಗೆ, ದನಕ್ಕೆ, ನಮಗೆ ಹಚ್ಚುವ ಎಷ್ಟೋ ವಸ್ತುಗಳು ಬೆಕ್ಕಿಗೆ ವಿಷ. ಅವನ್ನು ಒಡೆದು ಹೊರಹಾಕುವ ಒಂದು ಮುಖ್ಯ ದಾರಿ ಬೆಕ್ಕಿನ ಯಕೃತ್ತಿನಲ್ಲಿ ತುಂಬಾ ದುರ್ಬಲ.

ಮೂರು, ನಿಮ್ಮ ಮನೆಯಲ್ಲಿ ಏಳು ದಿನ ನಡೆಯುತ್ತದೆಯೇ. ದಿನಕ್ಕೆ ಎರಡು ಸಲ ಬೆಕ್ಕನ್ನು ಹಿಡಿಯಲು ಆಗದಿದ್ದರೆ ಎಷ್ಟೇ ಒಳ್ಳೆಯ ಮಾತ್ರೆಯೂ ಡಬ್ಬಿಯಲ್ಲೇ ಉಳಿಯುತ್ತದೆ. ಜನ ಇದನ್ನು ಕಡೆಗೆ ಯೋಚಿಸುತ್ತಾರೆ. ನನ್ನ ಪ್ರಕಾರ ಇದನ್ನು ಮೊದಲೇ ಯೋಚಿಸಬೇಕು.

ನಾಲ್ಕು, ದೂರ ಮತ್ತು ದುಡ್ಡು. ಇದರ ಜೊತೆಗೇ ಇನ್ನೊಂದು ಲೆಕ್ಕವೂ ಬೇಕು: ಈಗ ಕಾದರೆ, ಆಮೇಲೆ ಎಷ್ಟು ಜಾಸ್ತಿ ಖರ್ಚಾಗುತ್ತದೆ?

ಅದು ನಂಜಿನ ಗಾಯವೇ ಹೌದೇ ಎಂದೂ ಒಮ್ಮೆ ನೋಡಿ. ದುಂಡಗೆ ಕೂದಲು ಉದುರಿ ಹೊಟ್ಟು ಎದ್ದಿದ್ದರೆ ಅದು ಹುಳುಕಡ್ಡಿ ಇರಬಹುದು, ಅಂದರೆ ಫಂಗಸ್. ಆ್ಯಂಟಿಬಯೋಟಿಕ್‌ನಿಂದ ಅದು ಹೋಗುವುದಿಲ್ಲ, ಮನೆಮಂದಿಗೂ ಅಂಟುತ್ತದೆ. ಬೆನ್ನ ಮೇಲೆ, ಕುತ್ತಿಗೆಯಲ್ಲಿ ರವೆಯಂತೆ ಸಣ್ಣ ಸಣ್ಣ ಹಕ್ಕಳೆ ಕೈಗೆ ಸಿಕ್ಕರೆ ಹೆಚ್ಚಾಗಿ ಚಿಗಟದ ಅಲರ್ಜಿ. ಅಲ್ಲಿ ಚಿಗಟಕ್ಕೆ ಮದ್ದು ಮಾಡದೆ ಗಾಯಕ್ಕೆ ಮಾತ್ರ ಹಚ್ಚಿದರೆ ತಿಂಗಳಾದರೂ ಮಾಯುವುದಿಲ್ಲ. ಇಂಬಳ ಕಚ್ಚಿದ್ದು ರಕ್ತ ಸುರಿದು ಹೆದರಿಸುತ್ತದೆ, ಅಷ್ಟೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಶುಚಿಯಾದ ಬಟ್ಟೆ ಒತ್ತಿ ಹಿಡಿದು, ತೊಳೆದು ಬಿಟ್ಟರೆ ಸಾಕು.

ಮನೆಯಲ್ಲಿದ್ದರೂ ಮುಟ್ಟಬಾರದವು

ಹೋಲಿಕೆಗೆ ಮೊದಲೇ ಇವನ್ನು ಪಟ್ಟಿಯಿಂದ ತೆಗೆದುಬಿಡುತ್ತೇನೆ. ಡೆಟಾಲ್ ಬೇಡ, ನೀರು ಬೆರೆಸಿದರೂ ಬೇಡ. ಅದರಲ್ಲಿರುವ ಫೀನಾಲ್ ಜಾತಿಯ ವಸ್ತು ಬೆಕ್ಕಿಗೆ ಆಗಿಬರುವುದಿಲ್ಲ. ಫಿನಾಯಿಲ್ ಕೂಡ ಹಾಗೆಯೇ. ಸ್ಯಾವ್ಲಾನ್‌ನಲ್ಲಿ ಇರುವ ಸೆಟ್ರಿಮೈಡ್ ನೆಕ್ಕಿದರೆ ಬಾಯಿ ಹುಣ್ಣಾಗುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಮಾಯಬೇಕಾದ ಮಾಂಸವೇ ಸುಡುತ್ತದೆ. ಮಳೆಗಾಲದಲ್ಲಿ ಅಡಿಕೆ ಬೆಳೆಯುವ ಪ್ರತಿ ಮನೆಯಲ್ಲೂ ಮೈಲುತುತ್ತ ಇರುತ್ತದೆ. ದನದ ಕಾಲಿಗೆ ಹಾಕಿದ ರೂಢಿಯಲ್ಲಿ ಬೆಕ್ಕಿಗೂ ಹಾಕಬೇಡಿ. ಹೊಗೆಸೊಪ್ಪು, ಸುಣ್ಣ, ಸೀಮೆಎಣ್ಣೆ, ಟರ್ಪೆಂಟೈನ್ ಯಾವುದೂ ಬೇಡ. ನೋವಿಗೆ ಎಂದು ಪ್ಯಾರಾಸಿಟಮಾಲ್ ಮಾತ್ರ ಖಂಡಿತ ಕೊಡಬೇಡಿ. ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು.

ಉಪ್ಪುನೀರು ಮತ್ತು ಬಿಸಿ ಶಾಖ

ಅತಿ ಅಗ್ಗದ ಆಯ್ಕೆ ಇದು. ಇಷ್ಟು ಒಳ್ಳೆಯದೆಂದು ಜನ ನಂಬುವುದಿಲ್ಲ. ಅರ್ಧ ಲೀಟರ್ ನೀರು ಕುದಿಸಿ, ಒಂದು ಟೀ ಚಮಚಕ್ಕೆ ತುಸು ಕಡಿಮೆ ಉಪ್ಪು ಹಾಕಿ, ಉಗುರು ಬೆಚ್ಚಗೆ ಆಗುವ ತನಕ ಆರಿಸಿ. ಇಲ್ಲವೇ ಮೆಡಿಕಲ್‌ನಲ್ಲಿ ನಾರ್ಮಲ್ ಸಲೈನ್ ಬಾಟಲಿ ಕೇಳಿ, 100 ರೂಪಾಯಿ ಒಳಗೇ ಸಿಗುತ್ತದೆ. ಸೂಜಿ ತೆಗೆದ 10 ಅಥವಾ 20 ಎಂಎಲ್ ಸಿರಿಂಜಿನಿಂದ ಗಾಯಕ್ಕೆ ಮೆಲ್ಲಗೆ ಹಾಯಿಸಿ. ಹತ್ತಿಯಿಂದ ಉಜ್ಜಬೇಡಿ, ಎಳೆ ಗಾಯದಲ್ಲೇ ಉಳಿಯುತ್ತದೆ. ಗಾಜ್ ಬಟ್ಟೆ ಒಳ್ಳೆಯದು.

ನೆಕ್ಕಿದರೂ ತೊಂದರೆ ಇಲ್ಲ ಎನ್ನುವುದೇ ಇದರ ದೊಡ್ಡ ಗುಣ. ತರಚು ಗಾಯಕ್ಕೆ, ಬೇಲಿ ಮುಳ್ಳು ಗೀರಿದ್ದಕ್ಕೆ, ಒಡೆದು ಸುರಿಯುತ್ತಿರುವ ಬಾವಿಗೆ ದಿನಕ್ಕೆ ಎರಡು ಮೂರು ಸಲ ಇದೇ ಮೊದಲ ಕೆಲಸ. ಇನ್ನೂ ಒಡೆಯದ ಬಾವಿನ ಮೇಲೆ ಬೆಚ್ಚನೆಯ ಒದ್ದೆ ಬಟ್ಟೆಯನ್ನು ಐದರಿಂದ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಟ್ಟರೆ ನೋವು ಕಡಿಮೆಯಾಗುತ್ತದೆ, ಬಾವು ಮೆತ್ತಗಾಗುತ್ತದೆ. ಬಟ್ಟೆಯನ್ನು ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟು ನೋಡಿ. ಹಿಚುಕಬೇಡಿ, ಸೂಜಿ ಚುಚ್ಚಬೇಡಿ. ಕೀವು ಇನ್ನೂ ಒಳಕ್ಕೆ ಹೋಗಬಹುದು.

ಇದರ ಮಿತಿಯೂ ಸ್ಪಷ್ಟ. ಮುಚ್ಚಿದ ಚರ್ಮದ ಒಳಗೆ ಉಪ್ಪುನೀರು ಹೋಗುವುದಿಲ್ಲ. ಒಂದು ದಿನ ಮಾಡಿದರೂ ಬಾವು ಇಳಿಯದಿದ್ದರೆ ಮುಂದಿನ ಹೆಜ್ಜೆ ಇಡಲೇಬೇಕು.

ಅರಿಶಿನದ ಬಗ್ಗೆ ಅಮ್ಮನಿಗೆ ಬೇಜಾರಾಗದ ಹಾಗೆ ಹೇಳಬೇಕು. ಅರಿಶಿನ ವಿಷವಲ್ಲ. ಆದರೆ ಎಣ್ಣೆ ಅರಿಶಿನದ ಪದರ ತೂತನ್ನು ಮುಚ್ಚಿ ಕೀವಿಗೆ ದಾರಿ ಇಲ್ಲದ ಹಾಗೆ ಮಾಡುತ್ತದೆ. ಹಳದಿ ಬಣ್ಣದಲ್ಲಿ ಕೆಂಪು ಎಷ್ಟಿದೆ ಎಂದೂ ಕಾಣುವುದಿಲ್ಲ. ಕೆಂಚನಿಗೆ ಆದದ್ದು ಅದೇ. ಜೇನುತುಪ್ಪವನ್ನು ಗಾಯಕ್ಕೆ ಬಳಸುವ ವೈದ್ಯ ಪದ್ಧತಿ ಇದೆ ನಿಜ, ಆದರೆ ಅದು ಶುದ್ಧೀಕರಿಸಿ ಪ್ಯಾಕ್ ಮಾಡಿದ ಜೇನು. ಕಾಡಿನಿಂದ ತಂದ ತುಡುವೆ ಜೇನು ಹಚ್ಚಿದರೆ ಬೆಕ್ಕು ನೆಕ್ಕಿಬಿಡುತ್ತದೆ, ಇರುವೆ ಬೇರೆ ಮುತ್ತುತ್ತದೆ.

ಅಯೋಡಿನ್, ಕ್ಲೋರ್‌ಹೆಕ್ಸಿಡಿನ್

ಒಡೆದ ಗಾಯ ಕೊಳಕಾಗಿದ್ದರೆ ಉಪ್ಪುನೀರಿಗಿಂತ ಒಂದು ಹೆಜ್ಜೆ ಮೇಲೆ ಇವೆರಡು. ಬೆಟಾಡಿನ್ ತರದ ಪೋವಿಡೋನ್ ಅಯೋಡಿನ್ ಎಲ್ಲ ಊರಲ್ಲೂ ಸಿಗುತ್ತದೆ. ಬಾಟಲಿಯಿಂದ ನೇರ ಸುರಿಯಬೇಡಿ. ಹಾಲು ಹಾಕದ ತಿಳಿ ಚಹಾದ ಬಣ್ಣ ಬರುವ ತನಕ ನೀರು ಬೆರೆಸಿ. ಹಚ್ಚಿದ ಮೇಲೆ ಒಂದೆರಡು ನಿಮಿಷ ಬಿಟ್ಟು, ಸುತ್ತಲಿನ ಕೂದಲಿಗೆ ಹತ್ತಿದ್ದನ್ನು ಒರೆಸಿ. ಕ್ಲೋರ್‌ಹೆಕ್ಸಿಡಿನ್‌ನ ಪರಿಣಾಮ ಜಾಸ್ತಿ ಹೊತ್ತು ಉಳಿಯುತ್ತದೆ. ಆದರೆ ಅಳತೆ ಸರಿ ಇರಬೇಕು. ಶೇಕಡ 2ರ ದ್ರಾವಣ ಸಿಕ್ಕರೆ ಒಂದು ಪಾಲಿಗೆ 40 ಪಾಲು ನೀರು. ಕಣ್ಣಿಗೆ, ಕಿವಿಯ ಒಳಗೆ ತಾಗಬಾರದು. ಸೋಪು ಹಚ್ಚಿದ ಜಾಗಕ್ಕೆ ಹಾಕಿದರೆ ಕೆಲಸ ಮಾಡುವುದಿಲ್ಲ. ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ತಂದು ಹಾಕಬೇಡಿ, ಅದರಲ್ಲಿ ಬೇರೆ ಏನೇನೋ ಇರುತ್ತದೆ.

ಹಳ್ಳಿಯಲ್ಲಿ ಇರುವವರಿಗೆ ನಾನು ಅಯೋಡಿನ್ನನ್ನೇ ಹೇಳುತ್ತೇನೆ, ಬಣ್ಣ ನೋಡಿಯೇ ಹದ ಗೊತ್ತಾಗುತ್ತದೆ. ಮುಖದ ಗಾಯಕ್ಕೆ ಎರಡಕ್ಕಿಂತಲೂ ಉಪ್ಪುನೀರೇ ಸುರಕ್ಷಿತ.

ಮುಲಾಮು

ಜನರಿಗೆ ಅತಿ ಇಷ್ಟವಾದ ಆಯ್ಕೆ ಇದು. ನನಗೆ ಅಷ್ಟೇ ಕಡಿಮೆ ಇಷ್ಟ. ಮುಪಿರೋಸಿನ್, ಫ್ಯೂಸಿಡಿಕ್ ಆ್ಯಸಿಡ್ ತರದ ಮುಲಾಮುಗಳು ಚರ್ಮದ ಮೇಲ್ಪದರದ ಸಣ್ಣ ಸೋಂಕಿಗೆ ಒಳ್ಳೆಯ ಕೆಲಸ ಮಾಡುತ್ತವೆ. ಗಲ್ಲದ ಕೆಳಗಿನ ಮೊಡವೆ ಕೀವಾದಾಗ, ತುರಿಸಿಕೊಂಡು ಹಸಿಯಾದ ಜಾಗಕ್ಕೆ ಡಾಕ್ಟರು ಇವನ್ನೇ ಬರೆಯಬಹುದು. ಆದರೆ ಕಚ್ಚಿ ಕೀವು ಕಟ್ಟಿದ ಗಾಯಕ್ಕೆ ಮೇಲಿನಿಂದ ಹಚ್ಚಿದ ಮುಲಾಮು ಕೀವಿನ ತನಕ ಇಳಿಯುವುದೇ ಇಲ್ಲ. ಬೆಕ್ಕಿನ ನಾಲಿಗೆಯಲ್ಲಿ ಒಳಕ್ಕೆ ಬಾಗಿದ ಸಣ್ಣ ಮುಳ್ಳುಗಳಿವೆ. ಹಚ್ಚಿದ್ದನ್ನೂ ಹೊಸ ಚರ್ಮವನ್ನೂ ಒಟ್ಟಿಗೆ ಕೆರೆದು ತೆಗೆಯುತ್ತದೆ.

ಇನ್ನೊಂದು ಅಪಾಯ ಇದೆ. ಒಮ್ಮೆ ಅವಸರದಲ್ಲಿ ಒಂದು ಅಂಗಡಿಯಲ್ಲಿ ಗಾಯಕ್ಕೆ ಎಂದು ಕೇಳಿದಾಗ ಒಂದು ಟ್ಯೂಬು ಕೊಟ್ಟರು. ಮನೆಗೆ ಬಂದು ಸಣ್ಣ ಅಕ್ಷರ ಓದಿದೆ. ಆ್ಯಂಟಿಬಯೋಟಿಕ್, ಫಂಗಸ್ ಮದ್ದು, ಸ್ಟೆರಾಯ್ಡ್ ಮೂರೂ ಸೇರಿದ ಕ್ರೀಮು ಅದು. ಸ್ಟೆರಾಯ್ಡ್ ಹಚ್ಚಿದರೆ ಕೆಂಪು ಬೇಗ ಇಳಿಯುತ್ತದೆ, ನಮಗೆ ಸಮಾಧಾನವಾಗುತ್ತದೆ, ಒಳಗಿನ ನಂಜು ಮಾತ್ರ ಬೆಳೆಯುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೊಬೆಟಾಸೋಲ್ ಎಂಬ ಹೆಸರು ಕಂಡರೆ ಬೆಕ್ಕಿಗೆ ಹಚ್ಚಬೇಡಿ. ಬಚ್ಚಲೊಲೆಯ ಕೆಂಡ ತಾಗಿ ಸುಟ್ಟ ಗಾಯದ ಮಾತು ಬೇರೆ: ಮೊದಲು ತಣ್ಣೀರು, ಆಮೇಲೆ ಡಾಕ್ಟರು ಹೇಳಿದ ಮುಲಾಮು.

ಮುಲಾಮು ಹಚ್ಚುವುದಾದರೆ, ನಾಲಿಗೆ ಗಾಯಕ್ಕೆ ತಲುಪದ ಹಾಗೆ ಕುತ್ತಿಗೆಗೆ ಕೋನ್ ಬೇಕೇ ಬೇಕು. ಪೇಟೆಯಲ್ಲಿ ಪ್ಲಾಸ್ಟಿಕ್ಕಿನದು ಸಿಗುತ್ತದೆ. ಸಿಗದಿದ್ದರೆ ಹಳೆಯ ಎಕ್ಸ್‌ರೇ ಫಿಲ್ಮನ್ನು ಅರ್ಧಚಂದ್ರದ ಹಾಗೆ ಕತ್ತರಿಸಿ, ಕುತ್ತಿಗೆಗೆ ತಾಗುವ ಅಂಚಿಗೆ ಬಟ್ಟೆ ಸುತ್ತಿ ಟೇಪು ಹಾಕಿ. ಬೆಕ್ಕಿನ ಮೂಗು ದಾಟಿ ಎರಡು ಬೆರಳು ಮುಂದೆ ಇರಬೇಕು. ಊಟಕ್ಕೆ ತೊಡಕಾದರೆ ನೀವು ಎದುರಿಗೆ ಕೂತಿರುವಾಗ ಮಾತ್ರ ಬಿಚ್ಚಿ.

ಮಾತ್ರೆ, ಸಿರಪ್

ಜ್ವರ ಇದ್ದರೆ, ಬಾವು ಸುತ್ತ ಹಬ್ಬಿದ್ದರೆ ನಂಜನ್ನು ಒಳಗಿನಿಂದಲೇ ಹೊಡೆಯಬೇಕು. ಬೆಕ್ಕು ಕಚ್ಚಿದ ಗಾಯಕ್ಕೆ ಡಾಕ್ಟರು ಹೆಚ್ಚಾಗಿ ಮೊದಲು ಬರೆಯುವುದು ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆ್ಯಸಿಡ್ ಸೇರಿದ ಔಷಧಿ, ದಿನಕ್ಕೆ ಎರಡು ಸಲ. ಇಲ್ಲಿ ಎಲ್ಲರೂ ಕೇಳುವುದು ಒಂದೇ: ಮನೆಯಲ್ಲಿ ನಮಗೆ ಬರೆದ 625 ಎಂಜಿ ಮಾತ್ರೆ ಇದೆ, ಮುರಿದು ಕೊಡಬಹುದಾ? ಬೇಡ. 4 ಕೆಜಿ ಬೆಕ್ಕಿಗೆ ಒಂದು ಹೊತ್ತಿಗೆ ಬೇಕಾಗುವುದು ಅದರ ಸುಮಾರು ಹತ್ತನೇ ಒಂದು ಪಾಲು. ಮಾತ್ರೆಯನ್ನು ಹತ್ತು ಸಮ ತುಂಡು ಮಾಡಲು ಯಾರಿಗೂ ಆಗುವುದಿಲ್ಲ. ಬೆಕ್ಕಿನ ತೂಕ ನೋಡಿ ಡಾಕ್ಟರು ಬರೆದ ಸಿರಪ್ ಅಥವಾ ಸಣ್ಣ ಮಾತ್ರೆಯೇ ಸರಿ. ತೂಕ ನೋಡುವುದು ಸುಲಭ. ಬೆಕ್ಕನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ಕಳೆಯಿರಿ.

ಡಾಕ್ಸಿಸೈಕ್ಲಿನ್ ಬರೆದಿದ್ದರೆ ಮಾತ್ರೆಯ ಹಿಂದೆಯೇ ಸಿರಿಂಜಿನಿಂದ 5–6 ಎಂಎಲ್ ನೀರು ಕುಡಿಸಿ, ಇಲ್ಲ ಊಟ ಕೊಡಿ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲೇ ಅಂಟಿ ಸುಡುತ್ತದೆ. ಎನ್ರೋಫ್ಲಾಕ್ಸಾಸಿನ್ ಅಳತೆ ಮೀರಿದರೆ ಬೆಕ್ಕಿನ ಕಣ್ಣೇ ಹೋಗಬಹುದು. ನಾಯಿಗೆ ಬರೆದ ಚೀಟಿ ನೋಡಿ ಬೆಕ್ಕಿಗೆ ಕೊಡಬಾರದು ಎನ್ನುವುದು ಇದಕ್ಕೇ. ಗಾಯ ಒಣಗಿತೆಂದು ಮೂರನೇ ದಿನಕ್ಕೆ ನಿಲ್ಲಿಸಬೇಡಿ, ಹೇಳಿದಷ್ಟು ದಿನ ಕೊಡಿ.

ಖರ್ಚು ಕಡಿಮೆ, ಶ್ರಮ ಜಾಸ್ತಿ. ಟವಲಿನಲ್ಲಿ ಸುತ್ತಿ, ಒಬ್ಬರು ಹಿಡಿದು, ಇನ್ನೊಬ್ಬರು ಬಾಯಿಯ ಪಕ್ಕದಿಂದ ಸಿರಪ್ ಹಾಕಲು ಆಗುವ ಮನೆಗೆ ಇದು ಒಳ್ಳೆಯ ಆಯ್ಕೆ.

ಇಂಜೆಕ್ಷನ್

ಮಾತ್ರೆ ನುಂಗದ ಬೆಕ್ಕಿಗೆ, ಊಟ ಬಿಟ್ಟ ಬೆಕ್ಕಿಗೆ ಇದೇ ದಾರಿ. ದಿನಕ್ಕೊಂದರಂತೆ ಕೆಲವು ದಿನ ಕೊಡುವ ಇಂಜೆಕ್ಷನ್ ಪೇಟೆಯವರಿಗೆ ಸುಲಭ. 40 ಕಿಲೋಮೀಟರ್ ಆಚೆಯವರಿಗೆ ಬಸ್ಸಿನ ಖರ್ಚು, ಒಂದು ದಿನದ ಕೆಲಸ, ಬೆಕ್ಕಿನ ಹೆದರಿಕೆ ಎಲ್ಲ ಸೇರಿ ಇದೇ ದುಬಾರಿ ಆಗುತ್ತದೆ. ಸೆಫೊವೆಸಿನ್ ಎಂಬ ಔಷಧಿಯ ಒಂದು ಇಂಜೆಕ್ಷನ್ನಿನ ಪರಿಣಾಮ ಸುಮಾರು 14 ದಿನ ಇರುತ್ತದೆ. ಬೆಲೆ ಜಾಸ್ತಿ. ಒಮ್ಮೆ ಕೊಟ್ಟ ಮೇಲೆ ಅಲರ್ಜಿ ಆದರೆ ವಾಪಸ್ ತೆಗೆಯಲು ಬರುವುದಿಲ್ಲ. ಆದರೂ ಕೈಗೆ ಸಿಗದ ಬೆಕ್ಕಿಗೆ ಅದು ವರವೇ ಸರಿ. ಹೊರಡುವ ಮೊದಲು ಫೋನ್ ಮಾಡಿ ಅದು ಇದೆಯೇ ಎಂದು ಕೇಳಿ.

ಕೊಯ್ದು ಕೀವು ತೆಗೆಸುವುದು

ಆಪರೇಷನ್ ಎಂದರೆ ಎಲ್ಲರೂ ಹಿಂಜರಿಯುತ್ತಾರೆ. ನನಗೆ ಮಾತ್ರ, ಒಡೆಯದೆ ಊದಿದ ಬಾವಿಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಇದರ ಮೇಲೆಯೇ. ತುಂಬಿದ ಕೀವಿನ ಒಳಕ್ಕೆ ಆ್ಯಂಟಿಬಯೋಟಿಕ್ ಸರಿಯಾಗಿ ತಲುಪುವುದಿಲ್ಲ. ಕೀವು ಹೊರಗೆ ಹೋದರೆ ಅರ್ಧ ರೋಗ ಹೋದ ಹಾಗೆ. ಮಂಪರು ಬರಿಸಿ, ಕೂದಲು ಬೋಳಿಸಿ, ಬಾವಿನ ಕೆಳಗಿನ ತುದಿಯಲ್ಲಿ ಸಣ್ಣದಾಗಿ ಕೊಯ್ದು, ಸಲೈನ್ ಹಾಯಿಸಿ ತೊಳೆಯುತ್ತಾರೆ. ಹೊಲಿಗೆ ಹಾಕದೆ ಬಿಡುವುದೇ ಹೆಚ್ಚು. ಕೀವು ಸೋರಲಿ ಎಂದು ಕೆಲವೊಮ್ಮೆ ರಬ್ಬರ್ ಕೊಳವೆ ಕೆಲವು ದಿನ ಇಡುತ್ತಾರೆ. ಕೆಂಚನಿಗೆ ತಿಳಿನೀರು ಬರುವ ತನಕ ತೊಳೆದರು, ಸಂಜೆಗೆ ಅವನೇ ಎದ್ದು ಊಟ ಕೇಳಿದ. ಒಂದೇ ದಿನ ಜಾಸ್ತಿ ದುಡ್ಡು ಕೇಳುವ ಆಯ್ಕೆ ಇದು. ಆದರೆ ಹತ್ತು ದಿನ ಮುಲಾಮು, ಮಾತ್ರೆ ಎಂದು ಅಲೆದು ಕಡೆಗೆ ಇಲ್ಲಿಗೇ ಬಂದವರನ್ನು ಬಹಳ ನೋಡಿದ್ದೇನೆ.

ಎಲ್ಲಿಗೆ ಹೋಗುವುದು ಎಂದರೆ, ಮುಚ್ಚಿದ ಬಾವು ಒಂದೇ ಇದ್ದು ಬೆಕ್ಕು ಊಟ ಮಾಡುತ್ತಿದ್ದರೆ ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆ ಸಾಕು, ಖರ್ಚೂ ಕಡಿಮೆ. ಅಲ್ಲಿ ದನಗಳೇ ಜಾಸ್ತಿ, ಹಾಗಾಗಿ ಬೆಕ್ಕಿಗೆ ಮಂಪರು ಕೊಟ್ಟು ಮಾಡುತ್ತಾರಾ ಎಂದು ಮೊದಲೇ ಕೇಳಿ. ಎಕ್ಸ್‌ರೇ, ರಕ್ತ ಪರೀಕ್ಷೆ, ಕೀವಿನ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಪರೀಕ್ಷೆ) ಬೇಕಾದಾಗ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಖಾಸಗಿ ಕ್ಲಿನಿಕ್‌ನಲ್ಲಿ ದುಡ್ಡು ಜಾಸ್ತಿ, ಸಂಜೆ ಹೊತ್ತೂ ನೋಡುವುದು ಅನುಕೂಲ.

ಆಯ್ಕೆಗೆ ಸಮಯ ಇಲ್ಲದ ಹೊತ್ತು

ಗಾಯದಲ್ಲಿ ಹುಳ ಕಂಡರೆ ಅದೇ ದಿನ ಹೊರಡಿ. ನಮ್ಮ ಮಳೆಗಾಲದಲ್ಲಿ ನೊಣ ಇಟ್ಟ ಮೊಟ್ಟೆ ಒಂದು ದಿನದೊಳಗೇ ಹುಳ ಆಗುತ್ತದೆ, ಮಾಂಸ ತಿನ್ನುತ್ತದೆ. ದನಕ್ಕೆ ಹೊಡೆಯುವ ಸ್ಪ್ರೇ ಹೊಡೆಯಬೇಡಿ. ನಾಯಿ ಕಚ್ಚಿದ್ದರೆ ಹೊರಗೆ ನಾಲ್ಕು ತೂತು ಕಂಡರೂ ಒಳಗೆ ಜಜ್ಜಿ ಹೋಗಿರಬಹುದು. ಕಣ್ಣಿನ ಹತ್ತಿರ, ಎದೆ ಹೊಟ್ಟೆಯ ಮೇಲೆ, ಕಾಲಿನ ಕೀಲಿನಲ್ಲಿ ಆದ ಗಾಯವೂ ಕಾಯುವಂಥದ್ದಲ್ಲ. ಬೆಕ್ಕಿನ ಮೈಬಿಸಿ ಸಾಮಾನ್ಯವಾಗಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ, ಅಥವಾ ಒಂದು ದಿನ ಪೂರ್ತಿ ಊಟ ಬಿಟ್ಟರೆ ತಡಮಾಡಬೇಡಿ. ಊಟ ಬಿಟ್ಟ ಬೆಕ್ಕಿನ ಯಕೃತ್ತು ಕೆಲವೇ ದಿನದಲ್ಲಿ ಹಾಳಾಗತೊಡಗುತ್ತದೆ.

ಔಷಧಿ ಮಾಡುವಾಗ ನಿಮಗೇ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ನಿಮ್ಮ ಡಾಕ್ಟರ ಹತ್ತಿರ ಹೋಗಿ. ರೇಬೀಸ್ ಲಸಿಕೆಯ ಮಾತೂ ಅಲ್ಲೇ ಕೇಳಿ. ಬೆಕ್ಕಿಗೆ ಆದ ಹಾಗೆಯೇ ನಮ್ಮ ಕೈಯಲ್ಲೂ ಒಳಗೆ ಕೀವು ಕಟ್ಟುತ್ತದೆ.

ನಿಮ್ಮದು ಯಾವುದು?

ಮಡಿಲ ಬೆಕ್ಕು, ತರಚು ಗಾಯ, ಊಟ ಮಾಡುತ್ತಿದೆ: ಉಪ್ಪುನೀರು, ಕೋನ್, ಎರಡು ದಿನ ಕಾದು ನೋಡಿ. ಬಾವು ಎದ್ದಿದೆ, ಪೇಟೆಯಲ್ಲಿದ್ದೀರಿ: ಇವತ್ತೇ ಕೀವು ತೆಗೆಸಿ. ಬಾವು ಎದ್ದಿದೆ, ದೂರದ ತೋಟದ ಮನೆ: ಇವತ್ತು ಶಾಖ ಕೊಡಿ, ನಾಳೆ ಮೊದಲ ಬಸ್ಸಿಗೆ ಹೊರಡಿ, ಒಂದೇ ಸಲಕ್ಕೆ ಕೀವು ತೆಗೆಸಿ ಏಳು ದಿನದ ಸಿರಪ್ ತನ್ನಿ. ದುಡ್ಡು ತೀರಾ ಕಡಿಮೆ ಇದ್ದರೆ ಮುಲಾಮಿಗೆ ಹಾಕುವ ದುಡ್ಡನ್ನು ಉಳಿಸಿ ಸರ್ಕಾರಿ ಆಸ್ಪತ್ರೆಗೆ ಹೋಗುವ ಖರ್ಚಿಗೆ ಇಟ್ಟುಕೊಳ್ಳಿ. ಎರಡು ವಾರವಾದರೂ ಮಾಯದ ಗಾಯಕ್ಕೆ ಔಷಧಿ ಬದಲಿಸುತ್ತಾ ಕೂರಬೇಡಿ. ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್), ಲ್ಯುಕೀಮಿಯಾ ವೈರಸ್, ಆಳದ ಫಂಗಸ್, ಬಿಳಿ ಕಿವಿಯ ಬೆಕ್ಕಿಗೆ ಕ್ಯಾನ್ಸರ್ ಇವುಗಳಲ್ಲಿ ಯಾವುದಾದರೂ ಹಿಂದೆ ಇರಬಹುದು, ಪರೀಕ್ಷೆ ಮಾಡಿಸಬೇಕು. ವರ್ಷಕ್ಕೆ ಮೂರು ನಾಲ್ಕು ಸಲ ಕಚ್ಚಿಸಿಕೊಂಡು ಬರುವ ಮಾಳಬೆಕ್ಕಾದರೆ ಈ ಗಾಯ ಮಾಯ್ದ ಮೇಲೆ ಸಂತಾನಹರಣ ಮಾಡಿಸಿ, ಜಗಳ ಬಹಳ ಕಡಿಮೆಯಾಗುತ್ತದೆ.

ಕೈಗೆ ಸಿಗದ ಹಿತ್ತಲ ಬೆಕ್ಕಿನದೇ ಕಷ್ಟ. ತರಕಾರಿಯ ಪ್ಲಾಸ್ಟಿಕ್ ಕ್ರೇಟಿನೊಳಗೆ ಎರಡು ದಿನ ಮೀನಿಟ್ಟು ಅಭ್ಯಾಸ ಮಾಡಿಸಿ, ಮೂರನೇ ದಿನ ಇನ್ನೊಂದು ಕ್ರೇಟು ಕವುಚಿ ಕಟ್ಟಿ, ಮೇಲೆ ಗೋಣಿ ಹೊದಿಸಿ ಕರೆದೊಯ್ಯಿರಿ. ಊಟ ಬಿಟ್ಟಿದ್ದರೆ ಆ ಎರಡು ದಿನವೂ ಕಾಯುವಂತಿಲ್ಲ, ಬೆಕ್ಕು ಹಿಡಿದು ಅಭ್ಯಾಸ ಇದ್ದವರನ್ನು ಕರೆಸಿ. ಅಷ್ಟರಲ್ಲಿ ದೂರದಿಂದಲೇ ದಿನಕ್ಕೊಂದು ಫೋಟೋ ತೆಗೆದಿಡಿ. ಬಾವು ಎಂದು ಶುರುವಾಯಿತು, ಎಷ್ಟು ಬೆಳೆಯಿತು, ಯಾವಾಗ ಕೊನೆಗೆ ಊಟ ಮಾಡಿತು, ಯಾರಾದರೂ ಏನಾದರೂ ಹಚ್ಚಿದರಾ, ಡಾಕ್ಟರು ಮೊದಲು ಕೇಳುವುದು ಇದನ್ನೇ.